ಒಂದು ಧಾತು, ಹಲವು ರೂಪ

ಸುಣ್ಣವೆಂದರೆ ನಮಗೆ ಗೋಡೆಯ ಬಿಳುಪು, ತಾಂಬೂಲದ ಕೆಂಪು, ಹೆಚ್ಚೆಂದರೆ ಎಲುಬಿನ ಗಟ್ಟಿತನ. ಆ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಎಂಬ ಧಾತು ಜೀವಕೋಶದೊಳಗೆ ದೂತನ ಕೆಲಸವನ್ನೂ ಮಾಡುತ್ತದೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ವ್ಯಾಕರಣ ಪಾಠ ಹೇಳಿಕೊಂಡಿದ್ದವನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ರಸಾಯನಶಾಸ್ತ್ರಕ್ಕೂ ವ್ಯಾಕರಣಕ್ಕೂ ‘ಧಾತು’ ಎಂಬ ಮಾತು ಸಮಾನವಾದುದು. ನನ್ನ ಅಧಿಕಾರ ಅಷ್ಟೇ.

ವಿಶ್ರಾಂತ ಸ್ಥಿತಿಯಲ್ಲಿ ಕೋಶದ್ರವದೊಳಗಿನ ಮುಕ್ತ ಕ್ಯಾಲ್ಸಿಯಂ, ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ನರದ ಪ್ರೇರಣೆಯೋ ಹಾರ್ಮೋನಿನ ಕರೆಯೋ ಬಂದಾಗ ಅದು ಥಟ್ಟನೆ ಏರುತ್ತದೆ. ಕ್ಯಾಲ್‌ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನು ಅದನ್ನು ಹಿಡಿದು, ಪ್ರೋಟೀನ್ ಕೈನೇಸ್‌ಗಳೆಂಬ ಕೆಲವು ಕಿಣ್ವಗಳನ್ನು ಎಚ್ಚರಿಸುತ್ತದೆ. ಇವು ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಹತ್ತಿಸುತ್ತವೆ. ಪ್ರಕೃತಿಗೆ ಪ್ರತ್ಯಯ ಹತ್ತಿದಂತೆ; ಹತ್ತಿದೊಡನೆ ಕೆಲಸವೇ ಬೇರೆ.

ಈ ವ್ಯವಹಾರ ಬೆಳಕಿಗೆ ಬಂದ ಬಗೆ ಸ್ವಾರಸ್ಯಕರ. 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಸ್ನಾಯುವಿನ ರಸದಿಂದ ಫಾಸ್ಫಾರಿಲೇಸ್ ಎಂಬ ಕಿಣ್ವವನ್ನು ಬೇರ್ಪಡಿಸುತ್ತಿದ್ದರು. ಕಾಗದದಲ್ಲಿ ಸೋಸಿದರೆ ಅದರ ಸಕ್ರಿಯ ರೂಪ ದೊರೆಯುತ್ತಿತ್ತು; ಕಾಗದವನ್ನು ಬಿಟ್ಟರೆ ಜಡರೂಪ. ಕಾಗದಕ್ಕೆ ಅಂಟಿದ್ದ ಕ್ಯಾಲ್ಸಿಯಮ್ಮೇ ಅಲ್ಲಿಯ ಕೈನೇಸನ್ನು ಎಬ್ಬಿಸುತ್ತಿತ್ತು! 1992ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಕರೆ ಒಂದೇ ಆದರೂ ಅಂಗಾಂಗಗಳ ಉತ್ತರ ಬೇರೆ ಬೇರೆ. ರಕ್ತನಾಳದ ನಯಸ್ನಾಯುವಿನಲ್ಲಿ ಕೈನೇಸೊಂದು ಮಯೋಸಿನ್ನಿಗೆ ಫಾಸ್ಫೇಟ್ ಹತ್ತಿಸಿದ ಮೇಲೆಯೇ ಸಂಕೋಚ. ತೋಳಿನ ಸ್ನಾಯುವಿನಲ್ಲಿ ಆ ಅಧಿಕಾರ ಟ್ರೋಪೊನಿನ್ನಿನದು. ಅಂಥ ಕೈನೇಸು ಅಲ್ಲಿ ಬರಿಯ ಸಹಾಯಕ. ಮಿದುಳಿನಲ್ಲಿ ಹೇರಳವಾಗಿರುವ ಮತ್ತೊಂದು ಕೈನೇಸು ತನಗೆ ತಾನೇ ಫಾಸ್ಫೇಟ್ ಹತ್ತಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಕೆಲಹೊತ್ತು ಎಚ್ಚರವಾಗಿರುತ್ತದೆ. ಅದರ ಒಂದು ರೂಪವಿಲ್ಲದ ಇಲಿಗಳು ಸ್ಥಳದ ನೆನಪಿನಲ್ಲಿ ಹಿಂದೆ ಬಿದ್ದುದು 1992ರಲ್ಲಿ ಪ್ರಕಟವಾಯಿತು.

ಆದರೆ ಮನೆಮಕ್ಕಳಿಗೆ ನೇರವಾಗಿ ತಟ್ಟುವ ಭೇದವೆಂದರೆ ಸ್ನಾಯು ಮತ್ತು ಯಕೃತ್ತುಗಳದು. ಎರಡರಲ್ಲಿಯೂ ಫಾಸ್ಫಾರಿಲೇಸ್ ಕೈನೇಸ್ ಉಂಟು. ಎರಡರಲ್ಲಿಯೂ ಗ್ಲೈಕೋಜನ್ನೆಂಬ ಸಕ್ಕರೆಯ ಕಣಜವನ್ನು ತೆರೆಸುವುದೇ ಅದರ ಕೆಲಸ. ಸ್ನಾಯು ಆ ಸಕ್ಕರೆಯನ್ನು ತಾನೇ ಉರಿಸಿಕೊಳ್ಳುತ್ತದೆ. ಯಕೃತ್ತು ಹಸಿದ ಹೊತ್ತಿನಲ್ಲಿ ಊರಿಗೆಲ್ಲ ಹಂಚುತ್ತದೆ. ಹೆಸರು ಒಂದಾದರೂ ಕಿಣ್ವದ ಕೆಲವು ಅವಯವಗಳನ್ನು ರಚಿಸುವ ವಂಶವಾಹಿಗಳು ಎರಡು ಕಡೆಯೂ ಬೇರೆ. ಆದಕಾರಣ ಯಕೃತ್ತಿನ ವಂಶವಾಹಿ ಕೆಟ್ಟ ಕೂಸಿನ ಹೊಟ್ಟೆ ಉಬ್ಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಉಪವಾಸವಿದ್ದಾಗ ಸಕ್ಕರೆ ಕುಸಿಯಬಹುದು. ಸ್ನಾಯುವಿನ ಕಿಣ್ವ ಮಾತ್ರ ಸುಸ್ಥಿತಿಯಲ್ಲಿರುತ್ತದೆ. ಹೆಚ್ಚಾಗಿ ಕಾಣುವ ಬಗೆ ಎಕ್ಸ್ ವರ್ಣತಂತುವಿನದಾದ್ದರಿಂದ ಬಾಧೆ ಬಹುಮಟ್ಟಿಗೆ ಗಂಡುಮಕ್ಕಳಿಗೆ. ಕೆಲವರಲ್ಲಿ ರಕ್ತಕಣಗಳ ಕಿಣ್ವವೂ ಸರಿಯಾಗಿ ಕಾಣುವುದುಂಟು. ಅದನ್ನಷ್ಟೇ ನೋಡಿ ರೋಗವಿಲ್ಲವೆನ್ನುವಂತಿಲ್ಲ. ಇಂದು ವಂಶವಾಹಿಯನ್ನೇ ಓದಿ ನಿರ್ಣಯಿಸುತ್ತಾರೆ. ಚಿಕಿತ್ಸೆಯಲ್ಲಿ ಮುಖ್ಯವಾದುದು ಮತ್ತೆ ಮತ್ತೆ ಊಟ, ವೈದ್ಯರು ಹೇಳಿದ ಅಳತೆಯಲ್ಲಿ ಬೇಯಿಸದ ಜೋಳದ ಪಿಷ್ಟ, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್. ಅದು ಮೆಲ್ಲನೆ ಜೀರ್ಣವಾಗುತ್ತ ರಾತ್ರಿಯ ಹೊತ್ತು ರಕ್ತದ ಸಕ್ಕರೆಯನ್ನು ಕಾಯುತ್ತದೆ.