ಕಣೇರಿಗೆ ಒಬ್ಬನೇ ಹೋಗಿ ಬಂದೆ

ಬ್ಯಾಂಕಿನಲ್ಲಿ ಕಾರಕೂನನಾಗಿ ಮಂದಿಯ ಹಣ ಎಣಿಸಿ ನಿವೃತ್ತನಾದವನು ನಾನು. ನಿವೃತ್ತಿಯಾದ ಮೇಲೆ ಇಬ್ಬರೂ ಕೂಡಿ ಕಣೇರಿ ಮಠದ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯ ನೋಡಿ ಬರೋಣವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಅವಳು ಮೊದಲೇ ತೀರಿಹೋದಳು. "ಒಬ್ಬರ ಯಾಕ ಹೊಂಟೀರಿ, ಮಾವಾರ?" ಎಂದಳು ಸೊಸೆ. ಆದರೂ ಹೊರಟೆ.

ಮಹಾಗಾಂವದಿಂದ ಗಡಹಿಂಗ್ಲಜ, ಅಲ್ಲಿಂದ ಕೊಲ್ಲಾಪುರದ ಬಸ್ಸು. ಸಂಕೇಶ್ವರ, ನಿಪ್ಪಾಣಿ ಕರ್ನಾಟಕ. ಕಾಗಲ ಬಂದಾಗ ಮತ್ತೆ ಮಹಾರಾಷ್ಟ್ರ. ಕೂತ ಸೀಟಿನಿಂದ ಏಳದೆಯೇ ಎರಡು ಸಲ ಗಡಿ ದಾಟಿದೆ!

ಅಲ್ಲಿ ಹಳೆಯ ಹಳ್ಳಿಯೊಂದನ್ನು ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ್ದಾರೆ. ಕುಂಬಾರ, ಸುತಾರ, ಲೋಹಾರ, ನ್ಹಾವಿ ಮುಂತಾದ ಬಲುತೇದಾರರು. ನಮ್ಮ ಮಾತಿನಲ್ಲಿ ಸುತಾರ ಬಡಿಗೇರ, ಲೋಹಾರ ಕಮ್ಮಾರ, ನ್ಹಾವಿ ಹಡಪದ. ಎಲ್ಲರೂ ಕೂಡಿ ಆಯಗಾರರು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಸಲ್ಲುವ ಕಾಳಿಗೆ ಮರಾಠಿಯಲ್ಲಿ ಬಲುತೆ, ಕನ್ನಡದಲ್ಲಿ ಆಯ. ಕಿರ್ದಿ-ಖಾತೆ ಇಲ್ಲದೆ ನಡೆದ ವ್ಯವಹಾರ. ಆ ಲೆಕ್ಕದಲ್ಲಿ ದುಡಿದೂ ಊರ ಹೊರಗೇ ಉಳಿದವರಿದ್ದರು, ಅದನ್ನೂ ಮರೆಯಬಾರದು.

ಕುಂಬಾರನ ಮುಂದೆ ನಿಂತು "ತಿಗರಿ" ಎಂದೆ. ಅದು ನನ್ನವಳ ಬಾಯಲ್ಲಿದ್ದ ಶಬ್ದ. ಅವಳು ಹೋದ ಮೇಲೆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಪಕ್ಕದ ಶಾಲೆಯ ಹುಡುಗ, "ಆಜೋಬಾ, ಕಾಯ್ ಮ್ಹಣಾಲಾತ?" ಎಂದ. "ನೀವು ಚಾಕ ಅಂತೀರಿ, ನಾವು ತಿಗರಿ ಅಂತೀವಿ" ಎಂದು ಮರಾಠಿಯಲ್ಲೇ ತಿಳಿಸಿದೆ. ಅವನು ಎರಡು ಸಲ ಅಂದು ನಕ್ಕ.

ವಯಸ್ಸಾಯಿತೆಂದು ಮನೆಯಲ್ಲೇ ಕೂಡಬೇಡಿರಿ. ಬಿಸಿಲೇರುವ ಮೊದಲೇ ತಲುಪಿರಿ, ಸಾವಕಾಶ ನಡೆಯಿರಿ. ಮೂರ್ತಿಗಳಿಗೆ ಮಾತು ಬಾರದು. ಹೆಸರು ನಾವೇ ಹೇಳಬೇಕು.