ನಮ್ಮ ಮನೆತನದ ಕಾಯಕ ಯಾವುದಿತ್ತು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮನೆತನದ ಇತಿಹಾಸ ಹುಡುಕುವುದು ಹೇಗೆ ಎಂಬ ವಿಷಯ ಕೊಟ್ಟಿದ್ದಾರೆ. ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು: "ಕುಲ ಕೇಳಬ್ಯಾಡ್ರಿ ಅಂದವರ ಮಠದಾಗ ವಂಶಾವಳಿ ಮಾತು ಯಾಕ್ರಿ ಸರ್?" ಕೇಳಬೇಕಾದ ಪ್ರಶ್ನೆಯೇ. ದೊಡ್ಡಸ್ತಿಕೆ ಹೇಳಿಕೊಳ್ಳಲು ಹುಡುಕುವುದಾದರೆ ಈ ಕೆಲಸ ನಮಗೆ ಬೇಡ. ಆದರೆ ದಾಖಲೆ ತೆಗೆದು ನೋಡಿದವರಿಗೆ ಸಿಗುವುದು ದೊಡ್ಡಸ್ತಿಕೆಯಲ್ಲ. ಮೂರು ನಾಲ್ಕು ತಲೆಮಾರು ಹಿಂದೆ ಹೋದರೆ ಸಾಕು, ಗಾಣ ಸಿಗುತ್ತದೆ, ಮಗ್ಗ ಸಿಗುತ್ತದೆ, ಹೂವಿನ ಬುಟ್ಟಿ ಸಿಗುತ್ತದೆ. ನಾನು ಹುಡುಕಿ ಎನ್ನುವುದು ಅದನ್ನೇ: ನಮ್ಮ ಹಿರಿಯರ ಕಾಯಕ ಯಾವುದಿತ್ತು?

ಮೊದಲು ಮನೆಯಲ್ಲಿರುವ ಹಿರಿಯ ಹೆಣ್ಣುಮಗಳ ಹತ್ತಿರ ಕುಳಿತುಕೊಳ್ಳಿ. ಗಂಡಸರಿಗೆ ಹೊಲದ ಸರ್ವೆ ನಂಬರು ನೆನಪಿರುತ್ತದೆ. ಯಾರು ಯಾರಿಗೆ ಏನಾಗಬೇಕು ಎಂಬುದು ನೆನಪಿರುವುದು ಅಜ್ಜಿಯರಿಗೆ. "ನಿಮ್ಮ ಮುತ್ತಜ್ಜ ಯಾರು?" ಎಂದು ನೇರವಾಗಿ ಕೇಳಿದರೆ ಅವರು ಸುಮ್ಮನಾಗುತ್ತಾರೆ. ನಿಮ್ಮ ತವರು ಯಾವುದು, ಲಿಂಗದೀಕ್ಷೆ ಯಾವ ಮಠದಲ್ಲಾಯಿತು, ಯಾವ ಜಾತ್ರೆಗೆ ಗಾಡಿ ಕಟ್ಟುತ್ತಿದ್ದಿರಿ, ಈ ಹೆಸರು ಯಾರದೆಂದು ಇಟ್ಟರು ಎಂದು ಕೇಳಿ, ಮಾತು ತಾನಾಗಿ ಬರುತ್ತದೆ. ಇಸವಿ ಕೇಳಬೇಡಿ. 1918ರ ಇನ್‌ಫ್ಲುಯೆಂಜಾ, ಅದಕ್ಕೂ ಮುಂಚಿನ ಪ್ಲೇಗು, ಕಲಬುರ್ಗಿ-ರಾಯಚೂರು ಕಡೆಯವರಾದರೆ ರಜಾಕಾರರ ಗಲಾಟೆ, ಇವುಗಳ ಹಿಂದೋ ಮುಂದೋ ಎಂದು ಕೇಳಿ. ಸಂವತ್ಸರದ ಹೆಸರು ಹೇಳಿದರೆ ತುಸು ಎಚ್ಚರ ಬೇಕು, ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಎಂದರೆ 1927ರದೂ ಆಗಬಹುದು, 1987ರದೂ ಆಗಬಹುದು. ಧಾತು-ಈಶ್ವರದ ಬರ ಎಂದರೆ ಮಾತ್ರ 1876ರಿಂದ 78ರ ಆ ದೊಡ್ಡ ಬರವೇ.

ಉತ್ತರ ಕರ್ನಾಟಕದವರಿಗೆ ಅಡ್ಡ ಹೆಸರೇ ಒಂದು ದಾಖಲೆ. ಗಾಣಿಗೇರ, ಹೂಗಾರ, ಬಡಿಗೇರ, ಕುಂಬಾರ ಎಂಬವು ಸ್ಪಷ್ಟವಾಗಿವೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಎಂದು ನಾವು ನಗುವ ಹೆಸರುಗಳೂ ಹೆಚ್ಚಾಗಿ ಹಿರಿಯರು ತೂಗಿ ಮಾರಿದ ಸರಕಿನವೇ. ಊರಿನ ಹೆಸರು ಇದ್ದರೆ ಅದು ಬಿಟ್ಟು ಬಂದ ಊರು. ಬಾದಾಮಿಯಲ್ಲೇ ಇದ್ದವರನ್ನು ಯಾರೂ ಬಾದಾಮಿಯವರು ಎಂದು ಕರೆಯುವುದಿಲ್ಲ. ಅಲ್ಲಿಂದ ಬೇರೆ ಊರಿಗೆ ಬಂದ ಮೇಲೆ ಆ ಹೆಸರು ಅಂಟಿಕೊಳ್ಳುತ್ತದೆ.

ಇನ್ನು ಕಾಗದಪತ್ರ. ಈಗಿನ ಕಂಪ್ಯೂಟರ್ ಪಹಣಿಯಿಂದ ಹೆಚ್ಚು ತಿಳಿಯುವುದಿಲ್ಲ. ಭೂಮಿ ಯೋಜನೆ ಬರುವುದಕ್ಕೆ ಮುಂಚಿನ ಕೈಬರಹದ ಉತಾರ, ಅದರಲ್ಲೂ ವಾರಸಾ ನೋಂದು ನಮಗೆ ಬೇಕಾದದ್ದು. ತಂದೆ ತೀರಿಕೊಂಡಾಗ ಯಾರ ಯಾರ ಹೆಸರು ಹತ್ತಿತು ಎಂಬುದು ಅಲ್ಲಿರುತ್ತದೆ. ಹಳೆಯ ಸರ್ವೆ ನಂಬರು ಹಿಡಿದು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡಿ. ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ, ವಾಟ್ನಿ ಪತ್ರ ಸಿಕ್ಕರೆ ನಾಲ್ಕು ದಿಕ್ಕಿನ ಗಡಿಯನ್ನು ಮರೆಯದೆ ಓದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದು ಎಂದಿರುತ್ತದಲ್ಲ, ಅವರಲ್ಲಿ ಒಬ್ಬಿಬ್ಬರು ಬೇರೆಯಾದ ಅಣ್ಣತಮ್ಮಂದಿರೇ ಆಗಿರುತ್ತಾರೆ.

1956ಕ್ಕೆ ಮುಂಚೆ ನಾವು ಒಂದೇ ರಾಜ್ಯದಲ್ಲಿ ಇರಲಿಲ್ಲ, ಹಾಗಾಗಿ ಕಾಗದದ ಭಾಷೆಯೂ ಒಂದಲ್ಲ. ಧಾರವಾಡ, ಬೆಳಗಾವಿ, ವಿಜಯಪುರದವರ ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿ ಸಿಗುತ್ತವೆ; ಮುಂಬಯಿ, ಪುಣೆಯ ಪತ್ರಾಗಾರಗಳಲ್ಲೂ ನಮ್ಮ ಊರುಗಳ ಕಾಗದಗಳಿವೆ. ಬೀದರ, ಕಲಬುರ್ಗಿ, ರಾಯಚೂರಿನವು ಉರ್ದು-ಪಾರ್ಸಿಯಲ್ಲಿರುತ್ತವೆ, ಹೈದರಾಬಾದಿನ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿನದು. ಮೈಸೂರು ಸೀಮೆಯವರ ಪುಣ್ಯ, ಅವರದು ಬಹುಪಾಲು ಕನ್ನಡದಲ್ಲೇ ಇದೆ. ಜನಗಣತಿಯಲ್ಲಿ ಹೆಸರು ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸಿಗುವುದಿಲ್ಲ, ಅಲ್ಲಿರುವುದು ಲೆಕ್ಕ ಮಾತ್ರ. 1884ರ ಬಾಂಬೆ ಗ್ಯಾಝೆಟಿಯರಿನ ಧಾರವಾಡ, ವಿಜಯಪುರ, ಬೆಳಗಾವಿ ಸಂಪುಟಗಳಲ್ಲಿ ನಮ್ಮ ಪಂಗಡಗಳ ವಿವರ ಇದೆ. ಯಾರು ಯಾವ ಕೆಲಸ ಮಾಡುತ್ತಿದ್ದರು ಎಂದು ತಿಳಿಯಲು ಓದಿ. ಯಾರು ಮೇಲು, ಯಾರು ಕೆಳಗೆ ಎಂದು ಅಂದಿನ ಅಧಿಕಾರಿಗಳು ಹಚ್ಚಿದ ಪಟ್ಟಿಯನ್ನು ಅಲ್ಲೇ ಬಿಟ್ಟು ಬನ್ನಿ.

ಪ್ರಾಥಮಿಕ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್ ಬಹಳ ಮುಖ್ಯವಾದದ್ದು. ಅದು ನಮ್ಮ ಮನೆಯಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಈಗಿನ ನಮ್ಮ ಅಡ್ಡ ಹೆಸರು ಅಂಗಡಿ. ನಾವು ತಲೆತಲಾಂತರದಿಂದ ವ್ಯಾಪಾರಸ್ಥರು ಎಂದೇ ಮನೆಯಲ್ಲಿ ಹೇಳುತ್ತ ಬಂದಿದ್ದರು. ಅಜ್ಜನ ಶಾಲೆಯ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಗಾಣಿಗೇರ ಎಂದಿತ್ತು, ತಂದೆಯ ಉದ್ಯೋಗ ಎಣ್ಣೆ ತೆಗೆಯುವುದು ಎಂದಿತ್ತು. ನಕಲು ಮಾಡಿಸಿ ಮನೆಗೆ ತಂದೆ. ನಮ್ಮ ಕಾಕಾ ನೋಡಿದವರೇ, "ಇದನ್ನ ಯಾಕ ಹೊರಗ ತಗದಿ? ಮನ್ಯಾಗ ಹುಡುಗ್ಯಾರ ಲಗ್ನ ಆಗೋದೈತಿ" ಎಂದರು. ಒಳಗೆ ಹಾಸಿಗೆ ಹಿಡಿದಿದ್ದ ಅತ್ತೆಮ್ಮನಿಗೆ ಇದು ಕೇಳಿಸಿತು. ಆಕೆ ಎದ್ದು ಕೂತು, ಗಾಣದ ಎತ್ತಿಗೆ ಕಣ್ಣು ಕಟ್ಟುತ್ತಿದ್ದವಳು ತಾನೇ ಎಂದು, ಮಠದ ನಂದಾದೀಪಕ್ಕೆ ಎಣ್ಣೆ ನಮ್ಮ ಗಾಣದಿಂದಲೇ ಹೋಗುತ್ತಿತ್ತೆಂದು, ಸೋಮವಾರ ಗಾಣ ಹೂಡುತ್ತಿರಲಿಲ್ಲವೆಂದು ಹೇಳತೊಡಗಿದಳು. ಅರ್ಧ ತಾಸು ಹೇಳಿದಳು. ಅಲ್ಲಿಯವರೆಗೆ ಆಕೆಯನ್ನು ಯಾರೂ ಕೇಳಿರಲೇ ಇಲ್ಲ. ಗಾಣದ ಕಣ್ಣಪ್ಪ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ ಎಂದು ಕಾಯಕವನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಶರಣರ ಮಕ್ಕಳು ನಾವು. ಆ ಹಾಳೆಗೆ ನಾಚುತ್ತೇವೆ. ಕಾಕಾ ಇನ್ನೂ ಒಪ್ಪಿಲ್ಲ. ನಕಲು ನನ್ನ ಹತ್ತಿರ ಇದೆ.

ಹೆಳವರನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಸುಗ್ಗಿ ಮುಗಿದ ಮೇಲೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ಅಂಗಳದಲ್ಲಿ ನಿಂತು ಮನೆತನದ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೇಳುವವರು ಅವರು. ಯಾವ ಊರು ಬಿಟ್ಟರು, ಯಾಕೆ ಬಿಟ್ಟರು ಎಂಬುದು ಸರಕಾರದ ಯಾವ ಕಾಗದದಲ್ಲೂ ಇಲ್ಲ, ಹೆಳವರ ಹೊತ್ತಿಗೆಯಲ್ಲಿ ಇರುತ್ತದೆ. ಕೊಟ್ಟ ಮನೆಯನ್ನು ಸ್ವಲ್ಪ ಹೆಚ್ಚು ಹೊಗಳುವುದೂ ಅವರ ರೂಢಿ, ಹಾಗಾಗಿ ಉತಾರದೊಂದಿಗೆ ಹೋಲಿಸಿ ನೋಡಿ. ಅವರ ಮಕ್ಕಳು ಈಗ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ, ಹೋಗಲೇಬೇಕು. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಮೊಬೈಲಿನಲ್ಲಿ ಅವರ ಹಾಡು ತುಂಬಿಕೊಂಡು, ಒಂದು ಕಪ್ಪು ಚಹಾ ಕೊಟ್ಟು ಕಳಿಸುವುದನ್ನು ನೋಡಿದ್ದೇನೆ. ಅದು ಅವರ ಕಾಯಕ. ಕಾಳೋ ಹಣವೋ, ಸರಿಯಾಗಿ ಕೊಡಿ. ಒಳಗೆ ಕರೆದು ಪಂಕ್ತಿಯಲ್ಲಿ ಕೂಡಿಸಿ ಪ್ರಸಾದ ಮಾಡಿಸಿ.

ಅಟ್ಟದ ಮೇಲೆ, ದೇವರ ಜಗಲಿಯ ಮೇಲೆ ಓಲೆಗರಿಯ ಕಟ್ಟು, ಬಟ್ಟೆಯ ಕಡತ ಇದ್ದರೆ ಬಿಚ್ಚುವ ಅವಸರ ಬೇಡ, ನೀರು ತಾಗಿಸಬೇಡಿ, ಲ್ಯಾಮಿನೇಶನ್ ಅಂತೂ ಖಂಡಿತ ಬೇಡ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಕಡತ. ಒದ್ದೆ ಕೈ ತಾಗಿದರೂ ಅಕ್ಷರ ಹೋಗುತ್ತದೆ. ಫೋಟೋ ತೆಗೆದು ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತೋರಿಸಿ. ಫ.ಗು. ಹಳಕಟ್ಟಿಯವರು ಹೀಗೆ ಮನೆ ಮನೆಯ ಕಟ್ಟುಗಳನ್ನು ಹುಡುಕಿ ಓದಿದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳಿಗೆ ವಿಭೂತಿ ಹಚ್ಚುತ್ತಿದ್ದರು, ಓದುತ್ತಿರಲಿಲ್ಲ. ನಾವು ಹೂಳುವವರಾದ್ದರಿಂದ ಹೊಲದ ಸಮಾಧಿಗಳನ್ನೂ ನೋಡಬೇಕು. ಬದುವಿನ ಕಲ್ಲು, ಗದ್ದುಗೆ ಯಾರದೆಂದು ತಿಳಿದವರು ಬದುಕಿರುವಾಗಲೇ ಕೇಳಿ ಬರೆದಿಡಿ, ಪ್ಲಾಟ್ ಹಾಕುವವರು ಬರುವ ಮುಂಚೆ.

ಕಡೆಗೆ, ಬರೆಯುವ ಬಗೆ. ಕಚೇರಿಯಲ್ಲಿ ಕೊಡುವ ವಂಶವೃಕ್ಷವನ್ನೇ ಮಾದರಿ ಮಾಡಿಕೊಳ್ಳಬೇಡಿ. ಅದು ಆಸ್ತಿಯ ಲೆಕ್ಕಕ್ಕೆ ಮಾಡಿದ್ದು. ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ 1994ರಲ್ಲಿ ನಮ್ಮ ರಾಜ್ಯದಲ್ಲಿ, 2005ರಲ್ಲಿ ದೇಶಕ್ಕೆಲ್ಲ ಬಂತು. ಅದಕ್ಕೂ ಹಿಂದಿನ ಹಾಳೆಗಳಲ್ಲಿ ಎಷ್ಟೋ ಕಡೆ ಅವ್ವ, ಅಕ್ಕ, ತಂಗಿ ಯಾರೂ ಇಲ್ಲ. ನೀವು ಬರೆಯುವಾಗ ಪ್ರತಿ ಗಂಡಸಿನ ಹೆಸರಿನ ಪಕ್ಕ ಹೆಂಡತಿಯ ಹೆಸರು, ಆಕೆಯ ತವರೂರು ಬರೆಯಿರಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಮೂವರು ಬಸಪ್ಪರನ್ನು ಬೇರೆ ಬೇರೆ ಗುರುತಿಸಲು ಅದೊಂದೇ ದಾರಿ. ಮಕ್ಕಳಿಲ್ಲದ ವಿಧವೆ ಸೋದರತ್ತೆಯನ್ನೂ ಬಿಡಬೇಡಿ. ದತ್ತಕ ಬಂದವರನ್ನು ಮುಚ್ಚಿಡಬೇಡಿ. ಸಮಾಜದ ಮಕ್ಕಳ ವಿದ್ಯೆಗಾಗಿ ತಮ್ಮ ಸಂಸ್ಥಾನದ ಆಸ್ತಿಯನ್ನೇ ಬರೆದಿಟ್ಟ ಶಿರಸಂಗಿ ಲಿಂಗರಾಜರು ಶಿಗ್ಲಿಯಲ್ಲಿ ಹುಟ್ಟಿ ದತ್ತಕ ಬಂದವರು. ಬೇರೆ ಪಂಗಡದ, ಬೇರೆ ಜಾತಿಯ ಸೊಸೆ-ಅಳಿಯ ಬಂದಿದ್ದರೆ ಅವರ ಹೆಸರನ್ನೂ ಅದೇ ಅಕ್ಷರದಲ್ಲಿ ಬರೆಯಿರಿ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು ಎಂದು ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ನಾವು, ನಮ್ಮದೇ ಮನೆಯ ಅಂಥ ಮದುವೆಯನ್ನು ಹಾಳೆಯಿಂದ ಬಿಟ್ಟರೆ ಹೇಗೆ? ಪಂಗಡದ ಕಾಲಂ ಇರುವಲ್ಲಿ ಕಾಯಕದ ಕಾಲಂ ಇಡಿ.

ಶ್ರೀಗಳ ಅಪ್ಪಣೆಯಾಗಿದೆ: ಮುಂದಿನ ತಿಂಗಳ ಶಿವಾನುಭವಕ್ಕೆ ಬರುವಾಗ ಮನೆಯ ಹಳೆಯ ಕಾಗದದ ಒಂದು ನಕಲು ತನ್ನಿ, ಮೂಲ ಪ್ರತಿ ಬೇಡ. ಮೋಡಿ ಅಥವಾ ಉರ್ದು ಓದಬಲ್ಲ ಹಿರಿಯರು ಗೊತ್ತಿದ್ದರೆ ಅವರನ್ನೂ ಕರೆತನ್ನಿ. ದಾಸೋಹ ಆದ ಮೇಲೆ ಇದೇ ಸಭಾಭವನದಲ್ಲಿ ಕೂತು ಓದೋಣ.