ಹಾರದ ವಿಮಾನ, ಬಾರದ ಹಣ



2020ರ ಮಾರ್ಚ್ 24ರ ರಾತ್ರಿ 11 ಗಂಟೆ 59 ನಿಮಿಷಕ್ಕೆ ಭಾರತದ ಆಕಾಶದಲ್ಲಿ ದೇಶೀಯ ಪ್ರಯಾಣಿಕ ವಿಮಾನಗಳ ಸಂಚಾರ ನಿಂತುಹೋಯಿತು. ವಿದೇಶಗಳಿಂದ ಬರುವ ವಿಮಾನಗಳಿಗೆ ಅದಕ್ಕೆ ಎರಡು ದಿನ ಮೊದಲೇ ತಡೆ ಬಿದ್ದಿತ್ತು. ಕೊರೊನಾ ಸೋಂಕನ್ನು ತಡೆಯಲು ಸರ್ಕಾರ ಕೈಗೊಂಡ ಕ್ರಮವಿದು. ಆ ಹೊತ್ತಿನಲ್ಲಿ ಲಕ್ಷಾಂತರ ಜನರ ಬಳಿ ಮುಂದಿನ ವಾರಗಳ ಟಿಕೆಟ್‌ಗಳಿದ್ದವು. ಮಗಳ ಹೆರಿಗೆಗೆ ಹೋಗಬೇಕಾದವರಿದ್ದರು. ಬೇಸಿಗೆ ರಜೆಗೆ ಊರಿಗೆ ಬರಬೇಕಾದವರಿದ್ದರು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತ ಮಂಗಳೂರಿಗೆ ಮರಳಲು ಕಾದವರಿದ್ದರು. ವಿಮಾನ ಹಾರಲಿಲ್ಲ. ಆದರೆ ಟಿಕೆಟ್ಟಿಗೆ ಕೊಟ್ಟ ಹಣ ಕಂಪನಿಗಳ ಕೈ ಸೇರಿ ವಾರಗಳು, ತಿಂಗಳುಗಳು ಕಳೆದಿದ್ದವು. ಆ ಹಣ ಯಾರದು?

ಮೇಲ್ನೋಟಕ್ಕೆ ಇದು ಸರಳವಾದ ಲೆಕ್ಕ. ಸೇವೆ ಸಿಗಲಿಲ್ಲ, ಹಣ ಹಿಂದಕ್ಕೆ ಬರಬೇಕು. ಆದರೆ ಇಲ್ಲಿ ತೊಡಕೊಂದಿದೆ. ಪ್ರಯಾಣಿಕ ತಪ್ಪು ಮಾಡಿಲ್ಲ. ವಿಮಾನ ಕಂಪನಿಯೂ ತಪ್ಪು ಮಾಡಿಲ್ಲ. ರೋಗ ಬಂತು, ಸರ್ಕಾರ ಬೇಡವೆಂದಿತು. ಇಬ್ಬರೂ ನಿರ್ದೋಷಿಗಳಾಗಿರುವಾಗ ನಷ್ಟವನ್ನು ಹೊರಬೇಕಾದವರು ಯಾರು? ಅದೇ ವರ್ಷ ನಮ್ಮ ಊರೂರುಗಳಲ್ಲಿ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು ಮದುವೆ ಮುಂದೂಡಿದವರೂ ಇದೇ ಪ್ರಶ್ನೆಯನ್ನು ಕೇಳಿದರು. ಈ ಪ್ರಶ್ನೆ ಹೊಸತಲ್ಲ. ವಿಮಾನ ಹುಟ್ಟುವ ಮೊದಲೇ ನ್ಯಾಯಾಲಯಗಳ ಮುಂದೆ ಬಂದಿದ್ದ ಪ್ರಶ್ನೆ ಅದು.

1902ರ ಜೂನ್ 26ರಂದು ಲಂಡನ್ನಿನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ನಡೆಯಬೇಕಿತ್ತು. ಮೆರವಣಿಗೆ ಸಾಗುವ ಬೀದಿಗಳ ಮನೆಗಳ ಕಿಟಕಿಗಳೂ ಬಾಡಿಗೆಗೆ ಹೋದವು. ಹೆನ್ರಿ ಎಂಬಾತ ಪಾಲ್ ಮಾಲ್ ಬೀದಿಯ ಕೋಣೆಗಳನ್ನು ಎರಡು ದಿನಕ್ಕೆ 75 ಪೌಂಡಿಗೆ ಗೊತ್ತುಮಾಡಿ 25 ಪೌಂಡ್ ಮುಂಗಡ ಕೊಟ್ಟ. ಎರಡು ದಿನ ಮುಂಚೆ ದೊರೆಗೆ ಕರುಳಿನ ಕಾಯಿಲೆ. ಶಸ್ತ್ರಚಿಕಿತ್ಸೆಯಾಯಿತು, ಪಟ್ಟಾಭಿಷೇಕ ಮುಂದಕ್ಕೆ ಹೋಯಿತು. ಕೋಣೆಯ ಯಜಮಾನ ಕ್ರೆಲ್ ಬಾಕಿ 50 ಪೌಂಡಿಗೆ ದಾವೆ ಹೂಡಿದ. ಮೆರವಣಿಗೆಯೇ ಈ ಕರಾರಿನ ಬುನಾದಿ, ಬುನಾದಿಯೇ ಇಲ್ಲವಾದ ಮೇಲೆ ಬಾಕಿ ಕೊಡಬೇಕಾಗಿಲ್ಲ ಎಂದು 1903ರಲ್ಲಿ ತೀರ್ಪಾಯಿತು.

ಹಾಗಾದರೆ ಮೊದಲೇ ಕೊಟ್ಟ ಹಣ? ಅದಕ್ಕೆ ಮರುವರ್ಷದ ಚಾಂಡ್ಲರ್ ಮೊಕದ್ದಮೆ ಕೊಟ್ಟ ಉತ್ತರ ಕಠೋರವಾಗಿತ್ತು. ಅಲ್ಲಿ ಅದೇ ಮೆರವಣಿಗೆ ನೋಡಲು 100 ಪೌಂಡ್ ಮುಂಗಡ ಕೊಟ್ಟವನಿಗೆ ಅದು ಹಿಂದಿರುಗಲಿಲ್ಲ. ಗಡುವು ಮೊದಲೇ ಮುಗಿದಿದ್ದುದರಿಂದ ಬಾಕಿಯನ್ನೂ ಅವನು ತೆರಬೇಕಾಯಿತು. ನಷ್ಟ ಎಲ್ಲಿ ಬಿತ್ತೋ ಅಲ್ಲಿಯೇ ಇರಲಿ ಎಂಬುದು ಆ ತೀರ್ಪಿನ ತಾತ್ಪರ್ಯ. ನಮ್ಮ ಗಾದೆಯ ಭಾಷೆಯಲ್ಲಿ ಹೇಳುವುದಾದರೆ, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಈ ನಿಲುವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿದ್ದು 1942ರಲ್ಲಿ. ಪೋಲೆಂಡಿನ ಕಂಪನಿಯೊಂದು ಲೀಡ್ಸ್ ನಗರದ ಕಾರ್ಖಾನೆಗೆ ಯಂತ್ರಗಳಿಗಾಗಿ 1,000 ಪೌಂಡ್ ಮುಂಗಡ ಕೊಟ್ಟಿತ್ತು. ಮಹಾಯುದ್ಧ ಬಂದು ಯಂತ್ರ ಕಳುಹಿಸುವುದು ಅಸಾಧ್ಯವಾಯಿತು. ಪಡೆದದ್ದಕ್ಕೆ ಪ್ರತಿಯಾಗಿ ಏನನ್ನೂ ಕೊಡದವರು ಹಣವನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಆಗ ತೀರ್ಮಾನವಾಯಿತು.

ಕುತೂಹಲದ ಸಂಗತಿಯೆಂದರೆ, ಭಾರತದ ಕಾನೂನು ಈ ಮಾತನ್ನು ಅದಕ್ಕೆ 70 ವರ್ಷ ಮೊದಲೇ ಹೇಳಿತ್ತು. 1872ರ ಭಾರತೀಯ ಕರಾರು ಕಾಯಿದೆಯ 56ನೆಯ ಕಲಮಿನ ಪ್ರಕಾರ, ಮಾಡಲು ಅಸಾಧ್ಯವಾದ ಕೆಲಸದ ಕರಾರು ಅನೂರ್ಜಿತ. 65ನೆಯ ಕಲಮಿನ ಪ್ರಕಾರ, ಕರಾರು ಹೀಗೆ ಬಿದ್ದುಹೋದಾಗ ಅದರಿಂದ ಲಾಭ ಪಡೆದವನು ಅದನ್ನು ಮರಳಿಸಬೇಕು. ಇದನ್ನು ವಿವರಿಸಲು ಕಾಯಿದೆಯೇ ಒಂದು ಉದಾಹರಣೆ ಕೊಡುತ್ತದೆ. ಕಛೇರಿಯಲ್ಲಿ ಹಾಡಲು ಒಪ್ಪಿ ಗಾಯಕನೊಬ್ಬ 1,000 ರೂಪಾಯಿ ಮುಂಗಡ ಪಡೆದಿರುತ್ತಾನೆ. ಕಾಯಿಲೆ ಬಿದ್ದು ಹಾಡಲಾಗುವುದಿಲ್ಲ. ಕಛೇರಿ ನಡೆದಿದ್ದರೆ ಸಂಘಟಕನಿಗೆ ಬರುತ್ತಿದ್ದ ಲಾಭವನ್ನು ಗಾಯಕ ತುಂಬಿಕೊಡಬೇಕಾಗಿಲ್ಲ. ಆದರೆ ಮುಂಗಡದ 1,000 ರೂಪಾಯಿಯನ್ನು ಮಾತ್ರ ಹಿಂತಿರುಗಿಸಲೇಬೇಕು.

ಪರಿಹಾರ ಬೇರೆ, ಮರುಪಾವತಿ ಬೇರೆ ಎಂಬ ಸೂಕ್ಷ್ಮ ಈ ಪುಟ್ಟ ಉದಾಹರಣೆಯಲ್ಲಿ ಅಡಗಿದೆ. ವಿಮಾನ ರದ್ದಾಗಿ ಮದುವೆ ತಪ್ಪಿತು, ಕೆಲಸ ತಪ್ಪಿತು ಎಂದು ಪರಿಹಾರ ಕೇಳಿದರೆ ಕಂಪನಿ "ಇದು ನಮ್ಮ ಕೈಮೀರಿದ್ದು" ಎನ್ನಬಹುದು. ಆ ಉತ್ತರ ನ್ಯಾಯವೂ ಹೌದು. ಆದರೆ ಟಿಕೆಟ್ಟಿನ ಹಣವನ್ನು ಕೇಳಿದಾಗ ಅದೇ ಉತ್ತರ ಸಲ್ಲುವುದಿಲ್ಲ. ರೋಗ ಕಂಪನಿಯ ತಪ್ಪಲ್ಲ ನಿಜ. ಹಾಗೆಂದು ಹಾರದ ವಿಮಾನದ ಬಾಡಿಗೆ ಅದರ ಸಂಪಾದನೆಯೂ ಆಗುವುದಿಲ್ಲ.

ವಿಮಾನಗಳಿಗೆ ಪ್ರತ್ಯೇಕ ನಿಯಮವೂ ಇತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2008ರ ಮೇ ತಿಂಗಳಲ್ಲಿ ಮರುಪಾವತಿಯ ನಿಯಮಗಳನ್ನು ಹೊರಡಿಸಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣ ಏಳು ದಿನಗಳೊಳಗೆ ಮರಳಬೇಕು. ಏಜೆಂಟರ ಮೂಲಕ ಕೊಂಡಿದ್ದರೂ ಹೊಣೆ ವಿಮಾನ ಕಂಪನಿಯದೇ. ಹಣವನ್ನು ಕೈಗೆ ಕೊಡದೆ ಮುಂದಿನ ಪ್ರಯಾಣದ ಲೆಕ್ಕಕ್ಕೆ ಜಮಾ ಇಡುವ ಪದ್ಧತಿಯೊಂದಿದೆ. ಅದರ ಹೆಸರು ಕ್ರೆಡಿಟ್ ಶೆಲ್. ಅದನ್ನು ಒಪ್ಪುವುದೂ ಬಿಡುವುದೂ ಪ್ರಯಾಣಿಕನ ಇಚ್ಛೆ, ಕಂಪನಿ ಅದನ್ನೇ ರೂಢಿ ಮಾಡಿಕೊಳ್ಳುವಂತಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳಿತ್ತು.

ಆದರೆ 2020ರಲ್ಲಿ ನಡೆದದ್ದೇ ಬೇರೆ. ಅನೇಕ ಕಂಪನಿಗಳು ಪ್ರಯಾಣಿಕರನ್ನು ಕೇಳದೆಯೇ ಹಣವನ್ನು ಕ್ರೆಡಿಟ್ ಶೆಲ್ಲಿಗೆ ಹಾಕಿದವು. ಏಪ್ರಿಲ್ 16ರಂದು ವಿಮಾನಯಾನ ಸಚಿವಾಲಯ ಒಂದು ಆದೇಶ ಹೊರಡಿಸಿತು. ಮಾರ್ಚ್ 25ರಿಂದ ಏಪ್ರಿಲ್ 14ರೊಳಗೆ, ಅಂದರೆ ಮೊದಲ ಲಾಕ್‌ಡೌನ್ ಅವಧಿಯಲ್ಲಿ, ಮೇ 3ರವರೆಗಿನ ಪ್ರಯಾಣಕ್ಕೆ ಟಿಕೆಟ್ ಕೊಂಡವರಿಗೆ ರದ್ದತಿ ಶುಲ್ಕವಿಲ್ಲದೆ ಮೂರು ವಾರಗಳಲ್ಲಿ ಪೂರ್ತಿ ಹಣ ಕೊಡಬೇಕು ಎಂದಿತು. ಲಾಕ್‌ಡೌನ್‌ಗೆ ಮೊದಲೇ, ಜನವರಿಯಲ್ಲೋ ಫೆಬ್ರುವರಿಯಲ್ಲೋ ಕೊಂಡವರ ಮಾತೇ ಅದರಲ್ಲಿರಲಿಲ್ಲ. ಮುಂದಾಲೋಚನೆಯಿಂದ ಬೇಗ ಟಿಕೆಟ್ ಮಾಡಿಸಿದವರೇ ಹೊರಗುಳಿದರು.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ಮುಂಗಡ ಟಿಕೆಟ್ಟಿನ ಹಣ ಪೆಟ್ಟಿಗೆಯಲ್ಲಿ ಭದ್ರವಾಗಿ ಕುಳಿತಿರುವುದಿಲ್ಲ. ಇಂಧನ, ಸಂಬಳ, ವಿಮಾನಗಳ ಬಾಡಿಗೆ ಎಂದು ಅದು ಅಂದಂದೇ ಖರ್ಚಾಗುತ್ತಿರುತ್ತದೆ. ಜಗತ್ತಿನ ಕಂಪನಿಗಳು ಹಿಂದಿರುಗಿಸಬೇಕಾದ ಮೊತ್ತ ಸುಮಾರು 3,500 ಕೋಟಿ ಡಾಲರ್ ಎಂದು ಅವುಗಳ ಒಕ್ಕೂಟ ಐಯಾಟಾ ಅಂದಾಜು ಮಾಡಿ, ಹಣದ ಬದಲು ವೋಚರ್ ಕೊಡಲು ಬಿಡಿ ಎಂದು ಸರ್ಕಾರಗಳನ್ನು ಕೇಳಿಕೊಂಡಿತು. ಆದರೆ ಯೂರೋಪಿನ 2004ರ ನಿಯಮದಂತೆ ಏಳು ದಿನಗಳಲ್ಲಿ ಹಣ ಮರಳಬೇಕು, ವೋಚರ್ ಕೊಡಲು ಪ್ರಯಾಣಿಕನ ಸಹಿ ಬೇಕು. ಯೂರೋಪಿಯನ್ ಆಯೋಗ ಅದನ್ನು ಸಡಿಲಿಸಲಿಲ್ಲ. ಅಮೆರಿಕದ ಸಾರಿಗೆ ಇಲಾಖೆಯೂ ಏಪ್ರಿಲ್ 3ರಂದೇ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು: ಸರ್ಕಾರದ ನಿರ್ಬಂಧದಿಂದ ರದ್ದಾದರೂ ಹಣ ಮರಳಿಸುವ ಹೊಣೆ ತಪ್ಪದು.

ಭಾರತದಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮುಖ್ಯ ಅರ್ಜಿದಾರರು ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆಯವರು. 2020ರ ಅಕ್ಟೋಬರ್ 1ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಮಾರ್ಚ್ 25ರಿಂದ ಮೇ 24ರವರೆಗಿನ ಲಾಕ್‌ಡೌನಿನಲ್ಲಿ ಅದೇ ಅವಧಿಯ ಪ್ರಯಾಣಕ್ಕೆ ಕೊಂಡ ಟಿಕೆಟ್ಟಿಗೆ ಕೂಡಲೇ ಪೂರ್ತಿ ಹಣ. ಏಕೆಂದರೆ ಅಂಥ ಟಿಕೆಟ್ ಮಾರಲೇಬಾರದಿತ್ತು. ಮೇ 24ರ ನಂತರದ ಪ್ರಯಾಣಕ್ಕೆ ಮಾಮೂಲಿ ನಿಯಮ. ಲಾಕ್‌ಡೌನ್‌ಗೆ ಮೊದಲೇ ಕೊಂಡವರಿಗೆ 15 ದಿನಗಳಲ್ಲಿ ಹಣ ಕೊಡಲು ಕಂಪನಿ ಸರ್ವಪ್ರಯತ್ನ ಮಾಡಬೇಕು. ಹಣಕಾಸಿನ ಸಂಕಟದಿಂದ ಆಗದಿದ್ದರೆ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್. ಅದನ್ನು ಯಾವ ಮಾರ್ಗಕ್ಕಾದರೂ ಬಳಸಬಹುದು, ಬೇರೆಯವರಿಗೆ ವರ್ಗಾಯಿಸಬಹುದು. ಬಳಸದೆ ಉಳಿದರೆ ಅವಧಿಯ ಕೊನೆಗೆ ಹಣ ಕೊಡಬೇಕು.

ತೀರ್ಪಿನಲ್ಲಿ ಇನ್ನೊಂದು ಅಂಶವಿತ್ತು. ಶೆಲ್ಲಿನಲ್ಲಿದ್ದ ಹಣಕ್ಕೆ ಜೂನ್ 30ರವರೆಗೆ ತಿಂಗಳಿಗೆ ಶೇಕಡಾ 0.5, ಅನಂತರ ಶೇಕಡಾ 0.75ರಂತೆ ಹೆಚ್ಚುವರಿ ಸೇರಿಸಬೇಕು. ಅಂದರೆ 10,000 ರೂಪಾಯಿಗೆ ತಿಂಗಳಿಗೆ ಮೊದಲು 50, ಆಮೇಲೆ 75 ರೂಪಾಯಿ. ಮೊತ್ತ ಚಿಕ್ಕದಾದರೂ ಅದರ ಅರ್ಥ ದೊಡ್ಡದು. ಪ್ರೋತ್ಸಾಹಧನ ಎಂದು ಕರೆದರೂ ಅದು ಬಡ್ಡಿಯನ್ನೇ ಹೋಲುತ್ತದೆ. ಬಡ್ಡಿ ಹುಟ್ಟುವುದು ಸಾಲಕ್ಕೆ. ಕೇಳದೆ ತಡೆಹಿಡಿದ ಟಿಕೆಟ್ಟಿನ ಹಣ ಪ್ರಯಾಣಿಕ ತನಗರಿವಿಲ್ಲದೆ ಕಂಪನಿಗೆ ಕೊಟ್ಟ ಸಾಲವೇ ಆಗಿತ್ತು.

ಸಾಲವೆಂದ ಮೇಲೆ ಸಾಲಗಾರ ದಿವಾಳಿಯಾಗುವ ಭಯವೂ ಉಂಟು. ಗೋ ಫಸ್ಟ್ ಕಂಪನಿ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿ ಹಾರಾಟ ನಿಲ್ಲಿಸಿದಾಗ, ಟಿಕೆಟ್ ಕೊಂಡವರು ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ವೋಚರಿನ ಬೆಲೆ ಅದನ್ನು ಕೊಟ್ಟ ಕಂಪನಿ ಬದುಕಿರುವಷ್ಟು ದಿನ ಮಾತ್ರ. ಮಧ್ಯವರ್ತಿಗಳ ಬಳಿ ಸಿಕ್ಕಿಕೊಂಡ ಹಣದ ಕಥೆಯೂ ಉದ್ದ. ಒಂದು ದೊಡ್ಡ ಟಿಕೆಟ್ ಮಾರಾಟ ಸಂಸ್ಥೆಯಲ್ಲಿ 2021ರಲ್ಲಿ 26 ಕೋಟಿ ರೂಪಾಯಿಗೂ ಹೆಚ್ಚು ಬಾಕಿಯಿತ್ತು. ಉಳಿದಿದ್ದ ಸುಮಾರು ಎರಡೂವರೆ ಕೋಟಿಯನ್ನು ಕೊಡುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ, ನಾಲ್ಕು ವರ್ಷಗಳ ಮೇಲೆ, ಆದೇಶಿಸಬೇಕಾಯಿತು. ಅಮೆರಿಕ 2022ರ ನವೆಂಬರ್‌ನಲ್ಲಿ ಆರು ಕಂಪನಿಗಳಿಂದ 60 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಪ್ರಯಾಣಿಕರಿಗೆ ಕೊಡಿಸಿತು. ಅದರಲ್ಲಿ ಏರ್ ಇಂಡಿಯಾದ ಪಾಲು 12 ಕೋಟಿ 15 ಲಕ್ಷ ಡಾಲರ್. ಜೊತೆಗೆ ತಡಮಾಡಿದ್ದಕ್ಕೆ 14 ಲಕ್ಷ ಡಾಲರ್ ದಂಡ.

ಇಷ್ಟು ಹೊತ್ತು ಹೇಳಿದ್ದು ಕಂಪನಿಯೇ ವಿಮಾನವನ್ನು ರದ್ದುಮಾಡಿದಾಗಿನ ಮಾತು. ವಿಮಾನ ಹಾರುತ್ತಿದೆ, ಆದರೆ ಸೋಂಕಿನ ಭಯದಿಂದ ಅಥವಾ ಜ್ವರ ಬಂದು ಪ್ರಯಾಣಿಕನೇ ನಿಂತರೆ? ಆಗ ಗಾಯಕನ ಉದಾಹರಣೆ ತಿರುಗಿಬೀಳುತ್ತದೆ: ಕಛೇರಿ ನಡೆದಿದೆ, ಕೇಳುಗನೇ ಬಂದಿಲ್ಲ. ಇಲ್ಲಿ ಹಣ ಕೇಳುವುದು ಹಕ್ಕಾಗಿ ಉಳಿಯುವುದಿಲ್ಲ. ಟಿಕೆಟ್ಟಿನ ಷರತ್ತನ್ನು ನೋಡಬೇಕು, ಕಂಪನಿಯ ಔದಾರ್ಯವನ್ನು ನೆಚ್ಚಬೇಕು. 2020ರಲ್ಲಿ ಅನೇಕ ಕಂಪನಿಗಳು ದಿನಾಂಕ ಬದಲಾವಣೆಯ ಶುಲ್ಕವನ್ನು ಬಿಟ್ಟುಕೊಟ್ಟವು. ಆದರೆ ಶುಲ್ಕ ಬಿಟ್ಟರೂ ಹೊಸ ದಿನಾಂಕದ ದರ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಸಾಮಾನ್ಯವಾಗಿ ಪ್ರಯಾಣಿಕನೇ ತೆರಬೇಕಿತ್ತು. ಅಮೆರಿಕ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮ ಈ ಕಂದಕಕ್ಕೆ ಒಂದು ಸೇತುವೆ ಹಾಕಿತು: ಗಂಭೀರ ಸಾಂಕ್ರಾಮಿಕ ರೋಗದ ಕಾರಣಕ್ಕೆ ವೈದ್ಯರು ಪ್ರಯಾಣ ಬೇಡವೆಂದರೆ ಕನಿಷ್ಠ ಐದು ವರ್ಷ ಬಾಳುವ ವೋಚರ್ ಕೊಡಬೇಕು.

ಇದರಿಂದ ಸಾಮಾನ್ಯ ಪ್ರಯಾಣಿಕ ಕಲಿಯಬೇಕಾದ ಪಾಠಗಳು ಕೆಲವಿವೆ. ಮೊದಲನೆಯದು, ಸಂಕಟದ ಕಾಲದಲ್ಲಿ ಅವಸರಪಟ್ಟು ತಾನಾಗಿ ಟಿಕೆಟ್ ರದ್ದುಮಾಡಬಾರದು. ವಿಮಾನ ನಿಲ್ಲುವ ಸಂಭವವಿದ್ದರೆ ಕಂಪನಿಯೇ ರದ್ದುಮಾಡುವವರೆಗೆ ಕಾಯುವುದು ಜಾಣತನ. ಯಾರು ರದ್ದುಮಾಡಿದರು ಎಂಬುದರ ಮೇಲೆಯೇ ಹಕ್ಕು ನಿಂತಿದೆ. ಎರಡನೆಯದು, ಹಣವೋ ವೋಚರೋ ಎಂದು ಕೇಳಿದಾಗ ಉತ್ತರವನ್ನು ಬರಹದಲ್ಲಿ ಕೊಡಬೇಕು, ಬಂದ ಸಂದೇಶಗಳನ್ನೆಲ್ಲ ಜೋಪಾನವಾಗಿಡಬೇಕು. ಮೂರನೆಯದು, ಮರುಪಾವತಿ ಇಲ್ಲ ಎಂದು ಮಾರಿದ ಅಗ್ಗದ ಟಿಕೆಟ್ಟಿನಲ್ಲೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕದ ಭಾಗ ಇರುತ್ತದೆ. ಪ್ರಯಾಣ ಮಾಡದಿದ್ದರೆ ಆ ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಮಹಾನಿರ್ದೇಶನಾಲಯ 2016ರಲ್ಲೇ ವಿಧಿಸಿದೆ. ನಾಲ್ಕನೆಯದು, ಕಂಪನಿ ಕಿವಿಗೊಡದಿದ್ದರೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಎರಡು ವರ್ಷದೊಳಗೆ ಕೊಡಬೇಕು. ಕಲಬುರಗಿಯ ಪ್ರಯಾಣಿಕ ಕಂಪನಿಯ ಕಚೇರಿಯಿರುವ ಗುರುಗ್ರಾಮಕ್ಕೋ ಮುಂಬಯಿಗೋ ಅಲೆಯಬೇಕಾಗಿಲ್ಲ.

ಕಂಪನಿಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅವು ಮುಳುಗಿದರೆ ಸಾವಿರಾರು ಕುಟುಂಬಗಳ ಅನ್ನಕ್ಕೆ ಕಲ್ಲು ಬೀಳುತ್ತದೆ. ಆದರೆ ಅವನ್ನು ಉಳಿಸುವುದು ಸಮಾಜದ ಹಿತವಾದರೆ ಆ ಭಾರವನ್ನು ಸಮಾಜವೆಲ್ಲ ಸೇರಿ ಹೊರಬೇಕು. ಸಂಬಳ ನಿಂತ ತಿಂಗಳಲ್ಲಿ, ಊರಿಗೆ ಹೋಗಲಾರದೆ ಕುಳಿತವನ ಜೇಬಿನಿಂದಲೇ ಅದನ್ನು ತೆಗೆಯುವುದು ನ್ಯಾಯವಲ್ಲ. ಕಾಯಿಲೆ ಬಿದ್ದ ಗಾಯಕನ ಮೇಲೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಮುಂಗಡವನ್ನು ಮರಳಿಸಿದರೆ ಸಾಕು. ಮುಂದಿನ ಕಛೇರಿಗೂ ಅವನನ್ನೇ ಕರೆಯುತ್ತಾರೆ.